ಸಾಕಪ್ಪ

ಕಲ್ಲುವರೆಯ ಭೇರುಂಡಪಾಲಕರ ಮನೆತನ ಇಂದು ನಿನ್ನೆಯದಲ್ಲ. ಎರಡು ತಲೆಯ ಹಕ್ಕಿ ಮನುಷ್ಯನಿಗೆ ಮೊತ್ತಮೊದಲು ಬೆನ್ನು ಕೊಟ್ಟದ್ದು ಆ ಮನೆಯ ಹಿರಿಯನಿಗೆ. ರಾಜನ ಎದುರು ಪೇಟ ತೆಗೆಯದೆ ನಿಲ್ಲುವ ಹಕ್ಕು ಆ ಮನೆಗೊಂದೇ ಇತ್ತು. ಅಲ್ಲಿನ ಗಂಡಸರು ದನಿ ಏರಿಸಿದವರಲ್ಲ, ಹೆಂಗಸರು ಬೆನ್ನು ಬಾಗಿಸಿ ಕುಳಿತವರಲ್ಲ. ಆಡಿದ ಮಾತಿಗೆ ತಪ್ಪಿದವರು ತಲೆತಲಾಂತರದಲ್ಲಿ ಒಬ್ಬರೂ ಇಲ್ಲ.

ಇದಿಷ್ಟೂ ಕೇತಲೆಗೆ ಬಾಯಿಪಾಠ. ಆ ಮನೆತನದಲ್ಲಿ ಉಳಿದವಳು ಅವಳೊಬ್ಬಳೇ. ಅವಳು ತೊಟ್ಟಿಲ ಕೂಸಾಗಿದ್ದಾಗ ಶತ್ರುಗಳು ಕೋಟೆಗೆ ಬೆಂಕಿಯಿಟ್ಟರು. ತಂದೆ ಮಾಚರಸರು, ತಾಯಿ, ಬಂಧುಬಳಗ ಎಲ್ಲರೂ ಅದರಲ್ಲೇ ಹೋದರು.

ಈಗ ಅವಳು ಹಾಲ್ದೊರೆ ಎಂಬ ಹೊಳೆಯ ದಡದಲ್ಲಿ, ಸೋವಿಯಕ್ಕನ ಆಶ್ರಮದಲ್ಲಿ ಶಿಷ್ಯೆ. ಸೋವಿಯಕ್ಕ ಹಿಂದೆ ಕಲ್ಲುವರೆಯ ಮಕ್ಕಳಿಗೆ ಅಕ್ಷರ ಕಲಿಸಿದವಳು. ಕಡಿಮೆ ಮಾತಿನವಳು. ಸೊಟ್ಟಗೆ ಹೊದ್ದ ಸೆರಗನ್ನೂ, ಕೊನೆ ನುಂಗಿದ ಮಾತನ್ನೂ ಸಹಿಸುವವಳಲ್ಲ.

ಅಂದು ಕೊರಳು ಬಾಗುವ ದಿನ. ಕಲಿಕೆ ಮುಗಿಸಿದ ಶಿಷ್ಯೆ ಭೇರುಂಡದ ಎದುರು ನಿಂತು ತಾನು ಯಾರ ಮಗಳೆಂದು ಹೇಳಬೇಕು. ಮಾತು ಪೂರ್ತಿ ನಿಜವಾಗಿದ್ದರೆ ಹಕ್ಕಿಯ ಎರಡು ಕೊರಳೂ ಬಾಗುತ್ತವೆ. ಆಗ ಅದರ ಬೆನ್ನೇರಬಹುದು. ಸೂರ್ಯ ಮುಳುಗುವುದರೊಳಗೆ ಬಾಗದಿದ್ದರೆ ಅವಳ ಮನೆಯ ಪತಾಕೆ ಬೇರೆ ಮನೆಯ ಪಾಲು.

ಕೇತಲೆ ಬೆಳಗ್ಗೆಯೇ ಬಿಳಿಯ ಮಡಿಬಟ್ಟೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. ಆಗ ಹೊಳೆಯ ಆಚೆಯಿಂದ ಒಂದು ದನಿ ಕೇಳಿಸಿತು.

"ನನ್ನ ಮಗಳಿಗೆ ಹೇಳ್ರಮ್ಮಾ, ಸಾಕಪ್ಪ ಬಂದ ಅಂತ."

ಅದು ಬೂಚಯ್ಯ. ಕಲ್ಲುವರೆಯಲ್ಲಿ ಹಕ್ಕಿಗಳಿಗೆ ಮೀನು ಹಾಕುತ್ತಿದ್ದ ಆಳು. ಕೋಟೆ ಬಿದ್ದ ಮೇಲೆ ಅವಳನ್ನು ಸಾಕಿದವನು ಅವನೇ. ಸಾಕಿದ ಅಪ್ಪ, ಆದ್ದರಿಂದ ಸಾಕಪ್ಪ. ನಾಲಿಗೆ ತಿರುಗಿದ ದಿನದಿಂದ ಅವಳು ಕರೆದದ್ದು ಹಾಗೆ. ಆ ಹೆಸರನ್ನು ಅವನು ರಾಜರು ಕೊಟ್ಟ ಬಿರುದಿನಂತೆ ಹೊತ್ತು ತಿರುಗುತ್ತಿದ್ದ.

ಹೊಟ್ಟೆ ಮುಂದೆ, ಅವನು ಹಿಂದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಎದೆಮಟ್ಟದ ನೀರಿನಲ್ಲಿ ಹೊಳೆ ದಾಟಿ ಬಂದ.

ಕೇತಲೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಕುಡಿದಿದ್ದೀಯಾ?"

"ಇಲ್ಲ ಮಗಳೇ. ಬಾಯಿ ಮುಕ್ಕಳಿಸಿದೆ, ಅಷ್ಟೆ."

"ಹೆಂಡದಲ್ಲೇ?"

"ಹೊಳೆಯ ನೀರು ತುಂಬ ತಣ್ಣಗಿತ್ತು."

ಅಷ್ಟರಲ್ಲಿ ಉಳಿದ ಶಿಷ್ಯೆಯರು ಸುತ್ತ ಸೇರಿದ್ದರು. ಕೇಳುವವರು ಸಿಕ್ಕಿದರೆ ಬೂಚಯ್ಯನ ಹೊಟ್ಟೆಯಲ್ಲಿ ಕಥೆ ನಿಲ್ಲುವುದಿಲ್ಲ.

"ಕಣ್ಣು ಮುಚ್ಚುವ ಮುಂಚೆ ಮಾಚರಸರು ಕೂಸನ್ನು ತಂದು ಈ ಎರಡು ಕೈಗೆ ಇಟ್ಟರು ತಾಯೀ. 'ಬೂಚ, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ' ಅಂದರು."

ಚಿಕ್ಕಂದಿನಲ್ಲಿ ಕೇತಲೆ ಮಲಗುತ್ತಿದ್ದದ್ದು ಈ ಕಥೆ ಕೇಳಿಯೇ. ಕುಡಿದದ್ದಕ್ಕೆ ನಾಚಿಕೆಯಾಗಿದ್ದರೂ ಇದನ್ನು ಕೇಳುವಾಗ ಅವಳ ಕತ್ತು ತಾನಾಗಿ ಎತ್ತರವಾಯಿತು.

ಸೋವಿಯಕ್ಕ ಹೊಸ್ತಿಲು ದಾಟಿ ಅಂಗಳಕ್ಕಿಳಿದಳು.

"ಬೂಚಯ್ಯ, ಇಂದು ಈ ಅಂಗಳದಲ್ಲಿ ಸುಳ್ಳಾಡುವಂತಿಲ್ಲ."

"ಗೊತ್ತು ಅಕ್ಕಾ."

"ಮಾಚರಸರು ಕೂಸನ್ನು ನಿನ್ನ ಕೈಗೆ ಕೊಟ್ಟರೇ?"

ಬೂಚಯ್ಯ ಬುಟ್ಟಿಯನ್ನು ಕೆಳಗಿಟ್ಟ. ಅದರ ಮೇಲೆ ಮುಚ್ಚಿದ ಎಲೆಯನ್ನು ಸರಿಪಡಿಸಿದ. ಅದು ಸರಿಯಾಗಿಯೇ ಇತ್ತು.

"ಇಲ್ಲ ಅಕ್ಕಾ."

"ಆದದ್ದನ್ನು ಹೇಳು."

"ಅವತ್ತು ಬೆಳಗ್ಗೆಯೇ ಅವರು ನನ್ನನ್ನು ಕೋಟೆಯಿಂದ ಹೊರಗೆ ಹಾಕಿದ್ದರು. ಕುಡಿದು ಬಿದ್ದು ಹಕ್ಕಿಗಳಿಗೆ ಮೀನು ಹಾಕುವುದನ್ನು ಮರೆತಿದ್ದೆ. ತಪ್ಪು ನನ್ನದೇ."

"ಮತ್ತೆ ಒಳಗೆ ಏಕೆ ಹೋದೆ?"

"ನನ್ನ ಹೆಂಡದ ಬುರುಡೆ ಒಳಗೇ ಉಳಿದಿತ್ತು. ಬೆಂಕಿ ಬಿದ್ದಾಗ ಎಲ್ಲರೂ ಓಡುತ್ತಿದ್ದರು. ಯಾರೂ ನೋಡುವುದಿಲ್ಲ ಅಂತ ನುಗ್ಗಿದೆ. ಬುರುಡೆ ಸಿಕ್ಕಿತು. ಬರುವಾಗ ತೊಟ್ಟಿಲಿನಲ್ಲಿ ಅಳು ಕೇಳಿಸಿತು. ಹಿಂದಿನ ಗೋಡೆ ಇಳಿಯಬೇಕು, ಹಗ್ಗ ಹಿಡಿಯಲು ಒಂದು ಕೈ ಬೇಕು. ಉಳಿದದ್ದು ಒಂದೇ ಕೈ. ಬುರುಡೆ ಬಿಟ್ಟೆ."

"ಅವತ್ತಿನಿಂದ ಬುರುಡೆ ಬಿಡುವುದನ್ನು ನಿಲ್ಲಿಸಿಯೇ ಇಲ್ಲ," ಎಂದಳು ಚಾಮಲೆ. ಅವಳು ಕೇತಲೆಯ ಓರಗೆಯ ಶಿಷ್ಯೆ, ಹರಿತ ನಾಲಿಗೆಯವಳು.

ಎಲ್ಲರೂ ನಕ್ಕರು. ಮಾತು ಚೆನ್ನಾಗಿದ್ದುದರಿಂದ ಬೂಚಯ್ಯನೂ ನಕ್ಕ. ಆಮೇಲೆ ಕೇತಲೆಯ ಮುಖ ಕಂಡು ನಿಲ್ಲಿಸಿದ.

ಕೇತಲೆ ಬೆನ್ನು ನೆಟ್ಟಗೆ ಮಾಡಿ ನಿಂತಳು.

"ನನ್ನ ಮನೆತನದ ಹೆಸರಿನಲ್ಲಿ ಸುಳ್ಳು ಹೇಳಿದೆ. ಸತ್ತವರ ಬಾಯಿಗೆ ಮಾತು ತುರುಕಿದೆ. ಕ್ಷಮೆ ಕೇಳು."

ಬೂಚಯ್ಯ ಒದ್ದೆ ಬಟ್ಟೆಯಲ್ಲೇ ಮಂಡಿಯೂರಿದ.

"ತಪ್ಪಾಯಿತು ಮಗಳೇ. ಕ್ಷಮಿಸು."

ಅಷ್ಟೇ ಅಂದ. ಎದ್ದು ಬುಟ್ಟಿಯನ್ನು ಅವಳ ಕಡೆ ಸರಿಸಿದ.

"ಮೀನು ತಾಜಾ ಇದೆ. ಎಡಗಡೆಯ ತಲೆಗೆ ಮೊದಲು ಕೊಡು. ಅದಕ್ಕೆ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮ ಕಲ್ಲುವರೆಯ ಹಕ್ಕಿಯಲ್ಲವೇ, ನಾನು ಮರಿಯಿಂದ ನೋಡಿದ್ದೇನೆ, ಅದು—"

"ಸಾಕಪ್ಪ," ಎಂದಳು ಕೇತಲೆ.

ಅವನ ಮುಖ ಅರಳಿತು. "ಏನು ಮಗಳೇ?"

"ಸಾಕು ಅಂದೆ. ಆಚೆ ದಡಕ್ಕೆ ಹೋಗು. ಇನ್ನು ಈ ಕಡೆ ಬರಬೇಡ."

ಬೂಚಯ್ಯ ಹೋದ. ಬಂದ ದಾರಿಯಲ್ಲೇ ಹೊಳೆ ದಾಟಿ, ಎದುರು ದಡದ ಬಂಡೆಯ ಮೇಲೆ ಕುಳಿತ. ಅಲ್ಲಿಂದಾಚೆಗೆ ಹೋಗಲಿಲ್ಲ.

ಭೇರುಂಡ ಬೆಟ್ಟದಿಂದ ಇಳಿದು ಬಂದಿತು. ರೆಕ್ಕೆಯ ಗಾಳಿಗೆ ಅಂಗಳದ ಧೂಳೆಲ್ಲ ಒಂದು ಮೂಲೆ ಸೇರಿತು. ಕೇತಲೆ ಅದರ ಎದುರು ನಿಂತು, ಒಂದಕ್ಷರ ಅದುರದಂತೆ ಹೇಳಿದಳು.

"ನಾನು ಕಲ್ಲುವರೆಯ ಮಾಚರಸರ ಮಗಳು."

ಬಲಗಡೆಯ ಕೊರಳು ಬಾಗಿತು. ಎಡಗಡೆಯದು ಬಾಗಲಿಲ್ಲ. ಅದು ಅವಳ ನೆತ್ತಿಯ ಮೇಲಿಂದ ಆಚೆ ದಡವನ್ನು ನೋಡುತ್ತಿತ್ತು.

ಅವಳು ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅಜ್ಜನ ಹೆಸರು ಸೇರಿಸಿದಳು, ಮುತ್ತಜ್ಜನ ಹೆಸರು ಸೇರಿಸಿದಳು, ರಾಜನ ಎದುರು ಪೇಟ ತೆಗೆಯದವರ ಹೆಸರುಗಳನ್ನೆಲ್ಲ ಸೇರಿಸಿದಳು. ಒಂದು ಕೊರಳು ಬಾಗಿಯೇ ಇತ್ತು. ಇನ್ನೊಂದು ಹೊಳೆಯನ್ನೇ ನೋಡುತ್ತಿತ್ತು.

ಹೊತ್ತು ಇಳಿಯಿತು. ಚಾಮಲೆ ತನ್ನ ಮಾತಿಗೆ ಬಾಗಿದ ಇನ್ನೊಂದು ಹಕ್ಕಿಯ ಬೆನ್ನೇರಿ, ಹೋಗುವಾಗ ಬಗ್ಗಿ ಒಂದು ಮಾತು ಎಸೆದಳು.

"ಇನ್ನೂ ನಿಂತಿದ್ದೀಯಾ? ನಿಮ್ಮ ಸಾಕಪ್ಪನ ಹೆಗಲೇರು. ಅಲ್ಲಿ ಯಾರ ಮಗಳು ಅಂತ ಕೇಳುವವರಿಲ್ಲ."

ಕೇತಲೆ ಸೋವಿಯಕ್ಕನ ಬಳಿ ಬಂದಳು.

"ಅಕ್ಕಾ, ಈ ಹಕ್ಕಿಯ ಒಂದು ತಲೆ ಕಿವುಡು."

"ಹಕ್ಕಿಯ ಕಿವಿ ಸರಿಯಾಗಿದೆ."

"ಹಾಗಾದರೆ ನಾನು ಹೇಳಿದ್ದು ಸುಳ್ಳೇ?"

"ನಿನ್ನ ಮನೆತನದ ಹಿರಿಮೆಯನ್ನು ನನಗೊಮ್ಮೆ ಹೇಳು."

ಕೇತಲೆ ಹೇಳಿದಳು. ಬೆನ್ನು ಕೊಟ್ಟ ಹಕ್ಕಿ, ತೆಗೆಯದ ಪೇಟ, ಏರಿಸದ ದನಿ, ಬಾಗದ ಬೆನ್ನು, ತಪ್ಪದ ಮಾತು.

"ಚೆನ್ನಾಗಿ ಹೇಳಿದೆ. ಎಲ್ಲೂ ನುಂಗಲಿಲ್ಲ," ಎಂದಳು ಸೋವಿಯಕ್ಕ. "ಯಾರು ಕಲಿಸಿದರು?"

"ಅದು ಮನೆತನದಲ್ಲಿ ಬಂದದ್ದು," ಎಂದಳು ಕೇತಲೆ.

"ಕೋಟೆಯಲ್ಲಿ ಯಾರೂ ಉಳಿಯಲಿಲ್ಲ. ಸುಟ್ಟ ಕಲ್ಲುಗಳು ಬಂದು ಹೇಳಿದವೇ?"

"ಬೂಚಯ್ಯ," ಎಂದಳು ಕೇತಲೆ. ಮಾತಿನ ಕೊನೆ ನುಂಗಿಹೋಯಿತು. ಸೋವಿಯಕ್ಕ ತಿದ್ದಲಿಲ್ಲ.

ಕೇತಲೆಗೆ ಆ ಗುಡಿಸಲು ನೆನಪಾಯಿತು. ಕೆಲವು ದಿನ ಅವನು ಎಲ್ಲೋ ಕುಡಿದು ಬಿದ್ದಿರುತ್ತಿದ್ದ. ಹಸಿದ ಹುಡುಗಿ ತಾನೇ ಒಲೆ ಹೊತ್ತಿಸಿ ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಆದರೆ ಮಡಕೆಯಲ್ಲಿ ಅಕ್ಕಿ ಇಲ್ಲದ ದಿನವಿರಲಿಲ್ಲ. ಉಣ್ಣುವಾಗ ಅವಳು ಬೆನ್ನು ಬಾಗಿಸಿದರೆ, ತಾನು ಗೂನಾಗಿ ಕುಳಿತೇ ಸೌಟಿನಿಂದ ಅವಳ ಬೆನ್ನು ತಟ್ಟುತ್ತಿದ್ದ. "ಮಾಚರಸರ ಮಗಳು ನೆಟ್ಟಗೆ ಕೂರಬೇಕು."



"ಹಾಗಾದರೆ ಅದೂ ಬುರುಡೆಯೇ ಅಕ್ಕಾ? ನನ್ನ ತಂದೆ ದನಿ ಏರಿಸಿದವರಲ್ಲ ಎಂಬುದು?"

"ಕೋಟೆಗೆ ಬೆಂಕಿ ಬಿದ್ದ ದಿನ ಮಧ್ಯಾಹ್ನ ನಾನು ಊರಿಗೆ ಹೊರಟೆ, ಅದರಿಂದ ಬದುಕಿದೆ. ಬೆಳಗ್ಗೆ ಅಲ್ಲೇ ಇದ್ದೆ. ಬೂಚಯ್ಯನನ್ನು ಹೊರಗೆ ಹಾಕುವಾಗ ಮಾಚರಸರ ದನಿ ನನ್ನ ಪಾಠದ ಕೋಣೆಗೆ ಕೇಳಿಸಿತು. ಚಾವಟಿಯ ಸದ್ದೂ ಕೇಳಿಸಿತು."

ಬೂಚಯ್ಯನ ಬೆನ್ನಿನ ಗೆರೆಗಳನ್ನು ಕೇತಲೆ ಕಂಡಿದ್ದಳು. ಕೇಳಿದಾಗಲೆಲ್ಲ ಅವನು ಹಕ್ಕಿಯ ಉಗುರು ಎನ್ನುತ್ತಿದ್ದ.

"ಅಂಥವರನ್ನು ನನಗೆ ದೇವರಂತೆ ಮಾಡಿಕೊಟ್ಟ."

"ನಿನಗೊಬ್ಬ ತಂದೆ ಬೇಕಿದ್ದ. ಇದ್ದವರನ್ನು ತೊಳೆದು ಕೊಟ್ಟ. ತನಗೆಂದು ಇಟ್ಟುಕೊಂಡದ್ದು ಒಂದೇ ಸುಳ್ಳು. ಅದನ್ನೂ ಇಂದು ನಾನು ಕಿತ್ತುಕೊಂಡೆ."

"ನೀವು ಸುಳ್ಳನ್ನು ಮೆಚ್ಚುತ್ತೀರಾ ಅಕ್ಕಾ?"

"ಇಲ್ಲ. ಸುಳ್ಳು ಸುಳ್ಳೇ, ಕುಡಿತ ಕುಡಿತವೇ. ಆದರೆ ಅವನು ನೆಪ ಹೇಳಲಿಲ್ಲ. ನಕ್ಕವರ ನಡುವೆ ಮಂಡಿಯೂರಿದ. ಅಷ್ಟು ಚೊಕ್ಕವಾಗಿ ಕ್ಷಮೆ ಕೇಳಿದವರನ್ನು ನಾನು ಅರಮನೆಗಳಲ್ಲಿ ಕಂಡಿಲ್ಲ."

ಕೇತಲೆ ಆಚೆ ದಡವನ್ನು ನೋಡಿದಳು. ಬಂಡೆಯ ಮೇಲೆ ಆ ದಪ್ಪ ಆಕೃತಿ ಹಾಗೆಯೇ ಇತ್ತು.

"ಯಾರೂ ನನ್ನನ್ನು ಅವನಿಗೆ ಒಪ್ಪಿಸಲಿಲ್ಲ," ಎಂದಳು ತನಗೆ ತಾನೇ ಎಂಬಂತೆ.

"ಒಪ್ಪಿಸಿದ್ದರೆ ಅದು ಊಳಿಗವಾಗುತ್ತಿತ್ತು."

ಕೇತಲೆ ತಟ್ಟನೆ ಹಕ್ಕಿಯ ಕಡೆ ತಿರುಗಿದಳು.

"ತಿಳಿಯಿತು ಅಕ್ಕಾ. ಎರಡು ತಲೆಗೆ ಎರಡು ಹೆಸರು. ಈಗಲೇ ಹೇಳುತ್ತೇನೆ."

ಸೋವಿಯಕ್ಕ ಕೈಯ ಕೋಲನ್ನು ಅವಳ ದಾರಿಗೆ ಅಡ್ಡ ಹಿಡಿದಳು.

"ಬೆಳಗ್ಗೆ ಅವನನ್ನು ಅಟ್ಟಿದೆ. ಸಂಜೆ ಹಕ್ಕಿ ಬೇಕೆಂದು ಅವನ ಹೆಸರು ಹಿಡಿಯುತ್ತೀಯಾ?"

ಕೇತಲೆಯ ಮುಖ ಕೆಂಪಾಯಿತು. ಆಮೇಲೆ ಹೊಳೆಯ ಅಂಚಿಗೆ ಓಡಿದಳು. ಎರಡು ಕೈಯನ್ನೂ ಬಾಯಿಗೆ ಹಿಡಿದು, ಮಗುವಾಗಿದ್ದಾಗ ಕರೆಯುತ್ತಿದ್ದಂತೆ ಕೂಗಿದಳು.

"ಸಾಕಪ್ಪಾ."

ಆಚೆ ದಡದಲ್ಲಿ ಬೂಚಯ್ಯ ಎದ್ದು ನಿಂತ. ಕಿವಿಗೆ ಕೈ ಹಿಡಿದ.

"ಸಾಕಪ್ಪಾ," ಎಂದು ಅವಳು ಮತ್ತೆ ಕೂಗಿದಳು.

ಬೂಚಯ್ಯ ತಲೆಯಾಡಿಸಿದ. ಹತ್ತೂರಿಗೆ ಕೇಳುವ ಆ ದನಿ ನೀರಿನ ಮೇಲೆ ಹಾದು ಬಂದಿತು.

"ಆಯಿತು ಮಗಳೇ. ಕೂತದ್ದೂ ಹೆಚ್ಚಾಯಿತು. ಹೊರಟೆ."

ಹೆಗಲಿನ ವಸ್ತ್ರ ಕೊಡವಿಕೊಂಡು, ಬೆನ್ನು ತಿರುಗಿಸಿ, ಕಾಲುದಾರಿ ಹಿಡಿದ. ಭೇರುಂಡದ ಎಡಗಡೆಯ ತಲೆ ಅವನು ಹೋದ ಕಡೆಗೇ ಹೊರಳಿತು.

"ನಾನು ಕರೆದದ್ದು ಅಕ್ಕಾ. ಅವನು ಸಾಕು ಅಂದೆನೆಂದುಕೊಂಡ."

"ಆ ಅರ್ಥವನ್ನು ಬೆಳಗ್ಗೆ ನೀನೇ ಕಲಿಸಿದೆ."

"ಇನ್ನು ಹೇಗೆ ಕರೆಯಲಿ?"

"ಕರೆದರೆ ಆಗದು. ಆ ಮಾತು ಇನ್ನು ತಾನಾಗಿ ಹೊಳೆ ದಾಟುವುದಿಲ್ಲ."

ಕೇತಲೆ ಪಡುವಣವನ್ನು ನೋಡಿದಳು. ಸೂರ್ಯ ಬೆಟ್ಟದ ನೆತ್ತಿಗೆ ತಾಗುವುದರಲ್ಲಿದ್ದ.

"ನಾನು ದಾಟಿ ಮರಳುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕಲ್ಲುವರೆಯ ಪತಾಕೆ ಹೋಗುತ್ತದೆ."

"ಹೋಗಬಹುದು."

ಕಾಲುದಾರಿಯ ತಿರುವಿನಲ್ಲಿ ಅವನ ಬಾಗಿದ ಬೆನ್ನು ಚಿಕ್ಕದಾಗುತ್ತಿತ್ತು. ಕೇತಲೆ ಮಡಿಬಟ್ಟೆಯ ನೆರಿಗೆಯನ್ನೂ ಎತ್ತಿ ಹಿಡಿಯದೆ ನೀರಿಗೆ ಕಾಲಿಟ್ಟಳು. ಮೊಣಕಾಲು ಮುಳುಗುವವರೆಗೆ ಹೋಗಿ ತಿರುಗಿದಳು.

"ಅಕ್ಕಾ, ಅವನಿಗೆ ಏನೆಂದು ಹೇಳಲಿ?"

"ಮನೆತನದ ಮಾತು ಬೇಡ. ಹಕ್ಕಿಯ ಮಾತು ಬೇಡ. ಬೆನ್ನು ನೆಟ್ಟಗಿರಲಿ, ತಲೆ ಬಾಗಿರಲಿ. ಕ್ಷಮೆ ಕೇಳು."