ಒಂಟಿಕಾಲಿನ ದೂರುದಾರ

ಮಕ್ಕಳೇ, ಗುಡ್ಡೇಕಾನು ಎಂಬ ಕಾಡಿನ ನಡುವೆ ಒಂದು ಕೆರೆ ಇತ್ತು ಎಂದರೆ ನೀವು, "ಕಾಡೆಂದ ಮೇಲೆ ಕೆರೆ ಇರುವುದಿಲ್ಲವೇ?" ಎನ್ನುತ್ತೀರಿ. ಇರುತ್ತದೆ, ಒಪ್ಪಿದೆ. ಆದರೆ ಈ ಕೆರೆಯಲ್ಲಿ ನೀರಿನ ಜೊತೆಗೆ ನ್ಯಾಯವೂ ಸಿಗುತ್ತಿತ್ತು.

ನ್ಯಾಯ ಹೇಳುತ್ತಿದ್ದವಳು ಗವರಜ್ಜಿ ಎಂಬ ಮುದಿ ಕಾಡೆಮ್ಮೆ. ಬೆಳಗಿನಿಂದ ಸಂಜೆಯವರೆಗೆ ಕುತ್ತಿಗೆ ಮಟ್ಟದ ನೀರಿನಲ್ಲಿ ಮಲಗಿ, ಮೆಲುಕು ಹಾಕುತ್ತ, ಎರಡೂ ಕಡೆಯ ಮಾತು ಕೇಳುತ್ತಿದ್ದಳು. ಹುಲಿ ಬಂದರೂ ಒಂದೇ, ಹುಳು ಬಂದರೂ ಒಂದೇ. ಮುಖ ನೋಡಿ ತೀರ್ಪು ಕೊಟ್ಟವಳಲ್ಲ. ಅವಸರ ಮಾಡಿದವಳೂ ಅಲ್ಲ.

ಅಲ್ಲೊಂದು ಹಳೆಯ ಕಟ್ಟಳೆ ಇತ್ತು. ದೂರು ಕೊಟ್ಟವರು, ದೂರಿಗೆ ಒಳಗಾದವರು, ಇಬ್ಬರೂ ತಮ್ಮ ಸರದಿ ಬರುವ ತನಕ ಹಗಲೆಲ್ಲ ಕೆರೆಯಂಚಿನ ನೀರಿನಲ್ಲಿ ನಿಂತಿರಬೇಕು. ಇಬ್ಬರಿಗೂ ಒಂದೇ ಕಷ್ಟವಾದರೆ ಸುಮ್ಮಸುಮ್ಮನೆ ಯಾರೂ ದೂರು ತರುವುದಿಲ್ಲ ಎಂದು ಹಿರಿಯರು ಯೋಚಿಸಿದ್ದರು. ಹಿರಿಯರು ಬುದ್ಧಿವಂತರೇ. ಆದರೆ ಕಟ್ಟಳೆ ಮಾಡುವಾಗ ಅವರಿಗೆ ಕೊಕ್ಕರೆಯ ನೆನಪಾಗಲಿಲ್ಲ.

ಕೊಕ್ಕರೆಯ ಹೆಸರು ಉದ್ದಂಡಯ್ಯ. ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದೇ ಅವನ ಹೊಟ್ಟೆಪಾಡು. ಒಮ್ಮೆ ಮುಂಗುಸಿಯೊಂದು ಅವನ ಮೀನು ಕದ್ದಿತು. ಅವನು ದೂರು ಕೊಟ್ಟ. ಆ ದೂರು ನಿಜವಾದದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಸರದಿಗೆ ಕಾಯುತ್ತ ನಿಂತಾಗ ಅವನಿಗೊಂದು ವಿಷಯ ಹೊಳೆಯಿತು. ಪಕ್ಕದಲ್ಲಿ ಮುಂಗುಸಿ ಹೊಟ್ಟೆ ನೆನೆದು ಗಡಗಡ ನಡುಗುತ್ತಿತ್ತು. ತಾನು ಮಾತ್ರ ದಿನದಂತೆ ಮೀನು ಹಿಡಿದು ನುಂಗುತ್ತಿದ್ದ. ಎರಡನೆಯ ದಿನ ಮುಂಗುಸಿ ಸೋತು, ರಾಶಿ ಮಿಡತೆ ತಂದುಕೊಟ್ಟು, ದೂರು ಬಿಟ್ಟುಬಿಡು ಎಂದು ಕೈಮುಗಿಯಿತು.

ಅಂದಿನಿಂದ ಉದ್ದಂಡಯ್ಯನಿಗೆ ರುಚಿ ಹತ್ತಿತು. ಅಳಿಲಿನ ಬಾಲದ ನೆರಳು ನೀರಿನ ಮೇಲೆ ಬೀಳುತ್ತದೆ ಎಂದು ಒಂದು ದೂರು. ಜಿಂಕೆ ಸದ್ದು ಮಾಡಿ ನೀರು ಕುಡಿಯುತ್ತದೆ ಎಂದು ಇನ್ನೊಂದು. ಮೊಲ ತನ್ನನ್ನು ನೋಡಿ ನಕ್ಕಿತು ಎಂದು ಮತ್ತೊಂದು. ಮೊಲದ ತುಟಿಯೇ ಸೀಳಿದೆ, ಅದು ಅತ್ತರೂ ನಕ್ಕಂತೆಯೇ ಕಾಣುತ್ತದೆ ಎಂದು ಯಾರು ಹೇಳಬೇಕು? ತಪ್ಪು ಯಾರಲ್ಲೂ ಇರಲಿಲ್ಲ, ಆದರೆ ಕೆಲಸ ಎಲ್ಲರಿಗೂ ಇತ್ತು. ನೀರಿನಲ್ಲಿ ನಿಲ್ಲಲಾರದೆ ಕೆಲವರು ಏನಾದರೊಂದು ಕೊಟ್ಟು ಕೈ ತೊಳೆದುಕೊಂಡರು. ಅಳಿಲು ಅವನ ಗೂಡಿಗೆ ಮೆತ್ತನೆಯ ನಾರು ಹೊತ್ತು ಸುಸ್ತಾಯಿತು. ಉಳಿದವರು ನೀರಿನಲ್ಲೇ ನಿಂತರು, ಸಾಲು ಬೆಳೆಯಿತು.

ಕೆರೆಯಾಚೆಯ ಮತ್ತಿಮರದಲ್ಲಿ ಕೆಂಚಣ್ಣ ಎಂಬ ಮರಕುಟಿಗನೂ ಅವನ ಹೆಂಡತಿ ಹೊನ್ನಿಯೂ ಇದ್ದರು. ಹೊನ್ನಿ ಮೊಟ್ಟೆಯಿಡುವ ಕಾಲ ಹತ್ತಿರವಾಗಿತ್ತು. ಅಷ್ಟರೊಳಗೆ ಕೆಂಚಣ್ಣ ಮರ ಕೊರೆದು ಆಳವಾದ ಪೊಟರೆ ಮಾಡಬೇಕು. ಕೆಲಸ ಅರ್ಧವಾಗಿತ್ತು, ಅಷ್ಟರಲ್ಲಿ ಕರೆ ಬಂತು. ಅವನ ಟಕಟಕ ಸದ್ದಿಗೆ ಮೀನುಗಳು ಬೆದರುತ್ತಿವೆಯಂತೆ.

"ನಾಲ್ಕು ದಿನ ಮರದೊಳಗಿನ ದಪ್ಪ ಹುಳು ತಂದುಕೊಡು ಕೆಂಚಣ್ಣ, ದೂರು ವಾಪಸ್ ತಗೊಳ್ತೀನಿ," ಎಂದು ಉದ್ದಂಡಯ್ಯ ಪಿಸುಗುಟ್ಟಿದ.

"ತಪ್ಪು ಮಾಡಿದ್ದರೆ ಕೊಡುತ್ತಿದ್ದೆ," ಎಂದ ಕೆಂಚಣ್ಣ. "ಅಜ್ಜಿ ನ್ಯಾಯ ಹೇಳ್ತಾಳೆ. ನಿಂತ್ಕೋತೀನಿ."

ಅವನು ಆರು ದಿನ ನಿಂತ. ಮರವನ್ನು ತಬ್ಬಲೆಂದು ಇರುವ ಕಾಲು ಅವನದು, ನೀರಿನ ಕಲ್ಲಿನ ಮೇಲೆ ಜಾರುತ್ತಿತ್ತು. ಹೊನ್ನಿ ದಿನಕ್ಕೆರಡು ಸಲ ಇರುವೆ ಹಿಡಿದು ತಂದು ಅವನಿಗೆ ತಿನ್ನಿಸಿ, ಮರಳಿ ಹೋಗಿ ತಾನೇ ಪೊಟರೆ ಕುಟ್ಟುತ್ತಿದ್ದಳು. ಬಂದಾಗಲೆಲ್ಲ ಪಕ್ಕದಲ್ಲಿ ಉದ್ದಂಡಯ್ಯ ಕೊಕ್ಕಿನಲ್ಲಿ ಮೀನು ಹಿಡಿದು ನಿಂತಿರುವುದು ಅವಳ ಕಣ್ಣಿಗೆ ಬೀಳುತ್ತಿತ್ತು.

ಆರನೆಯ ದಿನ ಸರದಿ ಬಂತು. ಗವರಜ್ಜಿ ಎರಡೂ ಕಡೆ ಕೇಳಿ, "ಗುಡುಗಿಗೆ ಬೆದರದ ಮೀನು ಕೆಂಚಣ್ಣನ ಕೊಕ್ಕಿಗೆ ಬೆದರುತ್ತದೆಯೇ? ಅವನ ತಪ್ಪಿಲ್ಲ," ಎಂದುಬಿಟ್ಟಳು. ಕೆಂಚಣ್ಣ ಗೆದ್ದು ಮನೆಗೆ ಹಾರಿದ. ಪೊಟರೆ ಇನ್ನೂ ಗೇಣುದ್ದವೂ ಆಗಿರಲಿಲ್ಲ. ಹೊನ್ನಿ ಕಾಯಲಾರದೆ ಅದರಲ್ಲೇ ಎರಡು ಮೊಟ್ಟೆ ಇಟ್ಟಿದ್ದಳು. ಒಂದು ಉರುಳಿ ಮರದ ಬುಡದಲ್ಲಿ ಒಡೆದಿತ್ತು. ಇನ್ನೊಂದು ಮಳೆಯಲ್ಲಿ ನೆನೆದು ತಣ್ಣಗಾಗಿತ್ತು. ಹೊನ್ನಿ ಅಳಲಿಲ್ಲ, ತಣ್ಣಗಾದ ಮೊಟ್ಟೆಯ ಮೇಲೆ ಸುಮ್ಮನೆ ಕೂತೇ ಇದ್ದಳು.

ವ್ಯಾಜ್ಯಕ್ಕೆ ಹೋದವರನ್ನು ಕುರಿತು, ಗೆದ್ದವನು ಸೋತ, ಸೋತವನು ಸತ್ತ ಎಂದು ದೊಡ್ಡವರು ಹೇಳುತ್ತಾರೆ. ಗುಡ್ಡೇಕಾನಿನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಗೆದ್ದವನು ಸೋತ, ಸೋತವನು ಮೀನು ತಿಂದ.

ತಿಂಗಳು ಕಳೆಯಿತು. ಹೊನ್ನಿಗೆ ಮತ್ತೆ ಮೊಟ್ಟೆಯಿಡುವ ಕಾಲ ಬಂತು, ಕೆಂಚಣ್ಣ ಹೊಸ ಪೊಟರೆ ಶುರುಮಾಡಿದ. ಮೂರನೆಯ ದಿನವೇ ಉದ್ದಂಡಯ್ಯನ ಹೊಸ ದೂರು ಬಂತು. ಮರದ ಚಕ್ಕೆ ಹಾರಿ ಕೆರೆಗೆ ಬೀಳುತ್ತದೆಯಂತೆ.

ಈ ಸಲ ಹೊನ್ನಿ ಸುಮ್ಮನಿರಲಿಲ್ಲ. ಮರ ಮರಕ್ಕೆ, ಬಿಲ ಬಿಲಕ್ಕೆ ಹೋಗಿ ನೊಂದವರನ್ನೆಲ್ಲ ಮತ್ತಿಮರದ ಕೆಳಗೆ ಸೇರಿಸಿದಳು. ಮುಂಗುಸಿಗೆ ಹಳೆಯ ಸಿಟ್ಟು ಇನ್ನೂ ಆರಿರಲಿಲ್ಲ. ದೂರು ಕೊಡುವುದನ್ನೇ ನಿಲ್ಲಿಸೋಣ, ಕೆರೆಯ ನ್ಯಾಯವೇ ಬೇಡ ಎಂದು ಅದು ಕೂಗಾಡಿತು. ಹಲವರು ಹೌದು ಹೌದು ಎಂದರು.

ಆಗ ಮೂಲೆಯಲ್ಲಿದ್ದ ಮುದಿ ಮುಳ್ಳುಹಂದಿ ಬಾಯಿಬಿಟ್ಟಿತು. "ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ತಾರೇನಪ್ಪಾ? ನನ್ನ ಬಿಲವನ್ನು ಕರಡಿ ಕಿತ್ತುಕೊಂಡಾಗ ಗವರಜ್ಜಿಯೇ ಬಿಡಿಸಿಕೊಟ್ಟಳು. ನಿನಗೆ ಹಲ್ಲಿದೆ, ನಿನಗೆ ನ್ಯಾಯ ಬೇಡ. ನಮ್ಮಂಥವರು ಯಾರ ಹತ್ತಿರ ಹೋಗಬೇಕು?"

ಮುಂಗುಸಿ ತಲೆ ತಗ್ಗಿಸಿತು. ಹೊನ್ನಿಗೆ ದಾರಿ ಕಂಡಿತು. ಬಾಗಿಲು ಮುಚ್ಚುವುದಲ್ಲ, ನಿಲ್ಲುವ ಜಾಗ ಬದಲಾಯಿಸಬೇಕು. ಎಲ್ಲರೂ ಸೇರಿ ಗವರಜ್ಜಿಯ ಮುಂದೆ ಹೋಗಿ ನಿಂತರು.

ಅವರ ಮಾತು ಕೇಳಿ ಅಜ್ಜಿಯ ಮೆಲುಕು ನಿಂತಿತು. ಅವಳಿಗೆ ನೋವಾಗಿತ್ತು. "ಇಷ್ಟು ವರ್ಷ ನ್ಯಾಯ ಹೇಳಿದೆ. ನನ್ನ ತೀರ್ಪು ತಪ್ಪಾಗಿತ್ತೇನಮ್ಮ?"

"ತೀರ್ಪು ಸರಿಯಾಗಿತ್ತು ಅಜ್ಜಿ," ಎಂದಳು ಹೊನ್ನಿ. "ಅದು ಬರುವ ಹೊತ್ತಿಗೆ ನನ್ನ ಮೊಟ್ಟೆ ತಣ್ಣಗಾಗಿತ್ತು."

ಗವರಜ್ಜಿ ಈಗೇನು ಮಾಡಬೇಕು ಎಂದು ಕೇಳಿದಳು. ಹೊನ್ನಿ ಬಿಡಿಸಿ ಹೇಳಿದಳು. ಯಾರ ಮೇಲೆ ದೂರು ಬಂದಿದೆಯೋ ಅವನು ತಪ್ಪು ಸಾಬೀತಾಗುವ ತನಕ ತನ್ನ ಕೆಲಸ ಬಿಡಬೇಕಾಗಬಾರದು. ದೂರು ಕೊಟ್ಟವನೇ ಅವನಿರುವಲ್ಲಿಗೆ ಬಂದು ಕಾಯಬೇಕು. ಅಜ್ಜಿಯೂ ಅಲ್ಲಿಗೇ ಬಂದು ಕಣ್ಣಾರೆ ನೋಡಿ ನ್ಯಾಯ ಹೇಳಬೇಕು.

"ನಾನು ಹಗಲಲ್ಲಿ ಈ ನೀರಿನಿಂದ ಎದ್ದು ಎಷ್ಟು ಮಳೆಗಾಲವಾಯಿತೋ," ಎನ್ನುತ್ತ ಗವರಜ್ಜಿ ಎದ್ದು ನಿಂತಳು. ಕೆರೆಯ ನೀರು ನಾಲ್ಕು ಬೆರಳು ಇಳಿಯಿತು.

ಮರುದಿನದಿಂದ ಉದ್ದಂಡಯ್ಯ ಮತ್ತಿಮರದ ಕೆಳಗೆ ತರಗೆಲೆಯ ಮೇಲೆ ನಿಂತ. ಅಲ್ಲಿ ಮೀನೆಲ್ಲಿ ಬರಬೇಕು? ಒಂದು ಕಾಲು ನೋಯಿತೆಂದು ಇನ್ನೊಂದು ಕಾಲು ಊರಿದ. ಮೇಲೆ ಕೆಂಚಣ್ಣ ತನ್ನ ಪಾಡಿಗೆ ಟಕಟಕ ಕೊರೆಯುತ್ತಿದ್ದ, ಚಕ್ಕೆಗಳು ಉದ್ದಂಡಯ್ಯನ ನೆತ್ತಿಯ ಮೇಲೆ ಉದುರುತ್ತಿದ್ದವು. ಒಂದಾದರೂ ಕೆರೆಯವರೆಗೆ ಹಾರಲಿಲ್ಲ. ಎರಡನೆಯ ಮಧ್ಯಾಹ್ನ ಗವರಜ್ಜಿ ಕಾಡಿನವರೊಂದಿಗೆ ಅಲ್ಲಿಗೆ ಬಂದಾಗ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅವನೇ ಮೊದಲು ಹೇಳಿದ.

"ಹಾಗಾದರೆ ಯಾಕೆ ಕೊಟ್ಟಿದ್ದೆ ಅಂತ ಇವರೆಲ್ಲರ ಮುಂದೆ ಹೇಳಿ ಹೋಗು," ಎಂದಳು ಗವರಜ್ಜಿ.

ಉದ್ದಂಡಯ್ಯ ಕಾಲಿನಿಂದ ತರಗೆಲೆ ಕೆದಕಿದ. ಕೆರೆಯಲ್ಲಿ ಅವನ ಇನ್ನೂ ಏಳು ದೂರುಗಳಿದ್ದವು. ಒಂದಕ್ಕೆ ಬಂಡೆಯ ಮೇಲೆ ನಿಲ್ಲಬೇಕು, ಇನ್ನೊಂದಕ್ಕೆ ಮುಳ್ಳುಪೊದೆಯಲ್ಲಿ. ಸಂಜೆಯೊಳಗೆ ಏಳನ್ನೂ ಕೈಬಿಟ್ಟ. ಆ ಸಲ ಹೊನ್ನಿಯ ಪೊಟರೆ ಆಳವಾಗಿತ್ತು, ಮೂರು ಮರಿಗಳು ಹೊರಬಂದವು.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ.

ಮುಂದಿನ ವರ್ಷ ಉದ್ದಂಡಯ್ಯನ ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು. ಮುಸುವ ಎಂಬ ಕಪ್ಪು ಮೂತಿಯ ಪುಂಡ ಕೋತಿಯೊಂದು ಆಟಕ್ಕೆಂದು ಕೊಂಬೆ ಅಲ್ಲಾಡಿಸಿತು. ಒಂದು ಮೊಟ್ಟೆ ಬಿದ್ದು ಒಡೆಯಿತು. ಮುಸುವ ಹಲ್ಲು ಕಿರಿದು, ನಾಳೆಯೂ ಬರುತ್ತೇನೆ ಎಂದು ಹೋಯಿತು.

ಉದ್ದಂಡಯ್ಯ ಗವರಜ್ಜಿಯ ಮುಂದೆ ಬಂದು ನಡೆದದ್ದನ್ನು ತಡವರಿಸುತ್ತ ಹೇಳಿದ. ತನ್ನ ಮಾತನ್ನು ಯಾರು ನಂಬುತ್ತಾರೆ ಎಂಬ ಹೆದರಿಕೆ ಅವನಿಗೆ. ಆದರೆ ಈಗ ಸಾಲೇ ಇರಲಿಲ್ಲ. ಅಜ್ಜಿ ಆಗಲೇ ಎದ್ದು ಅವನ ಜೊತೆ ಹೊರಟಳು. ಮುಸುವವನ್ನು ಕರೆಸಿ ಕೇಳಿದರೆ, ಗಾಳಿಗೆ ಬಿತ್ತು, ನನಗೇನು ಗೊತ್ತು ಎಂದಿತು.

"ಗಾಳಿ ಇರಲಿಲ್ಲ," ಎಂದು ಮೇಲಿನಿಂದ ಒಂದು ದನಿ ಬಂತು. ಹೊನ್ನಿ ಎದುರಿನ ಮರದಲ್ಲಿ ಕೂತಿದ್ದಳು. "ನಾನು ನೋಡಿದೆ ಅಜ್ಜಿ. ಇವನೇ ಅಲ್ಲಾಡಿಸಿದ್ದು."

ಮರಿಗಳು ಹಾರುವ ತನಕ ಮುಸುವ ಆ ಮರ ಹತ್ತಬಾರದು, ಕೆಳಗೆ ಕೂತು ಹಾವು ಬಾರದಂತೆ ಕಾಯಬೇಕು ಎಂದು ಗವರಜ್ಜಿ ತೀರ್ಪು ಕೊಟ್ಟಳು. ಎಲ್ಲರೂ ಹೋದ ಮೇಲೆ ಉದ್ದಂಡಯ್ಯ ಕೊಕ್ಕು ತಗ್ಗಿಸಿ ಕೇಳಿದ. "ನಾನು ನಿಮಗೆ ಅಷ್ಟು ಮಾಡಿದ್ದೆ. ಆದರೂ ನನ್ನ ಪರವಾಗಿ ಯಾಕೆ ಮಾತಾಡಿದೆ ಹೊನ್ನಿ?"

"ನಿನ್ನ ಪರವಾಗಿ ಅಲ್ಲ," ಎಂದಳು ಹೊನ್ನಿ. "ಉಳಿದ ಎರಡು ಮೊಟ್ಟೆ ಇನ್ನೂ ಬೆಚ್ಚಗಿವೆ, ಹೋಗಿ ಕೂತ್ಕೋ."

ನೀತಿ: ಸುಳ್ಳು ದೂರಿನಿಂದ ನ್ಯಾಯದ ದಾರಿಗೆ ಅಡ್ಡ ನಿಲ್ಲಬೇಡ, ಒಂದು ದಿನ ನೀನೂ ಅದೇ ದಾರಿಯಲ್ಲಿ ಬರಬೇಕಾಗುತ್ತದೆ.