ಅವ್ವನ ಕಿವಿ ಕಚ್ಚಿದ ಚಿಕ್ಕೀರ

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಇಂಥವನು ಇನ್ನೊಬ್ಬ ಹುಟ್ಟಿದ್ದರೆ ಅವಳು ಉಳಿಯುತ್ತಿರಲಿಲ್ಲ ಬಿಡಿ! ಮಗನಿಗೆ ಮೀಸೆ ಬಂತು, ಎತ್ತಿನಂಥ ಕಸುವು ಬಂತು, ಬುದ್ಧಿ ಮಾತ್ರ ದಾರಿ ತಪ್ಪಿ ಇನ್ಯಾರದೋ ಮನೆಗೆ ಹೋಯಿತು. ಊರೂರು ತಿರುಗಿ ಹೆಣ್ಣು ಕೇಳಿದಳು. ಎಲ್ಲರೂ ಚಿಕ್ಕೀರನನ್ನು ನೋಡಿದರು, ನಕ್ಕರು, ಕಳಿಸಿದರು. ಕೊನೆಗೆ ಉಳಿದವನು ಅವಳ ಸ್ವಂತ ತಮ್ಮ ಸಿಂಗ್ರಪ್ಪ. ಅವನಿಗೊಬ್ಬಳು ಮಗಳು. "ಸೋಮವಾರ ಬರ್ತೀನಕ್ಕ, ಹುಡುಗನ್ನ ನೋಡ್ತೀನಿ" ಅಂತ ಹೇಳಿ ಕಳಿಸಿದ.

ಇದೂ ತಪ್ಪಿದರೆ ಇನ್ನಿಲ್ಲ ಅಂತ ಹೊಂಬಾಳಮ್ಮ ಆಗಲೇ ತಯಾರಿಗೆ ನಿಂತಳು. ನೆಂಟರಿಗೆ ಅಂತ ಅಕ್ಕಿ ತೊಳೆದು ಅಂಗಳದಲ್ಲಿ ಒಣಹಾಕಿದಳು.

"ಲೋ, ನಾನು ಬಾವಿಗೆ ಹೋಗ್ಬತ್ತೀನಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಅಕ್ಕಿ ಕಾಯಿ!"

"ಆಗ್ಲವ್ವ!"

ಬಂದು ನೋಡುತ್ತಾಳೆ, ಮಗನ ಎರಡು ಕಣ್ಣಿಂದಲೂ ಹರಳೆಣ್ಣೆ ತೊಟ್ಟಿಕ್ಕುತ್ತಿದೆ. ಪಕ್ಕದ ಮನೆಯ ಕೋಳಿಗಳೆಲ್ಲ ಅಕ್ಕಿ ಮೇಲೆ ಕೂತು ತೇಗುತ್ತಿವೆ.

"ಅಯ್ಯೋ ನನ್ನ ಕರ್ಮವೇ! ಓಡಿಸಬಾರದೇನೋ?"

"ಕಣ್ಣೇ ಕಾಣ್ಲಿಲ್ಲವ್ವ. ಕೊಕ್ಕೊಕ್ಕೋ ಅಂದ್ವು. ಪಾಪ, ಹಸಿದವೆ ಅಂತ ಸುಮ್ಕಾದೆ."

"ಕೂಗಿದೋರಿಗೆಲ್ಲ ಕರಗೋಗ್ತೀಯಲ್ಲೋ! ಇನ್ಮೇಲೆ ಯಾರು ಎಷ್ಟೇ ಬಾಯಿ ಬಡ್ಕೊಳ್ಳಲಿ, ಸೊಪ್ಪು ಹಾಕಬೇಡ!"

"ಆಗ್ಲವ್ವ!"

ಮಾರನೇ ದಿನ ಹಿತ್ತಲಲ್ಲಿ ಕಟ್ಟಿದ್ದ ಮೇಕೆ "ಮ್ಯಾ" ಅಂತು. ಚಿಕ್ಕೀರ ಸೊಪ್ಪು ಹಾಕಲಿಲ್ಲ. "ಮ್ಯಾ... ಮ್ಯಾ..." ಅಂತು. ಊಹೂಂ, ಹಾಕಲಿಲ್ಲ. ಬಾಯಿ ಬಡಿದುಕೊಂಡು ಬಡಿದುಕೊಂಡು ಸಾಕಾಗಿ ಮೇಕೆ ಹಗ್ಗ ಕಡಿಯಿತು, ಹಗ್ಗ ಕಡಿದು ಹೊಂಬಾಳಮ್ಮ ನೆಂಟರ ಮುಂದೆ ಉಡಬೇಕು ಅಂತ ಒಗೆದು ಹರವಿದ್ದ ಹಸಿರು ಸೀರೆಯನ್ನು ಸೆರಗಿನಿಂದ ಶುರುಮಾಡಿತು.

"ಸೀರೆ ತಿಂತಾ ಇದ್ರೆ ನೋಡ್ತಾ ನಿಂತಿದ್ಯೇನೋ!"

"ನಾನೇನೂ ಹಾಕ್ಲಿಲ್ಲವ್ವ, ಅದೇ ತಗೊಂತು! ನೀನು ಬೀದೀಲಿ ನಾಕು ಜನರ ಜೊತೆ ಮಾತಾಡ್ತಿದ್ದೆ, ಹೆಂಗೆ ಕೂಗ್ಲಿ?"

"ಕೂಗಬೇಡ! ಏನಾದ್ರೂ ಎಡವಟ್ಟಾದ್ರೆ ಸದ್ದಿಲ್ದೆ ಬಂದು ನನ್ನ ಕಿವಿ ಕಚ್ಚು!"

"ಆಗ್ಲವ್ವ!"

ಸೋಮವಾರ ಬಂತು. ಸಿಂಗ್ರಪ್ಪನ ಗಾಡಿಯೂ ಬಂತು. ಸೋದರತ್ತೆ ಮನೆ ತಾನೇ ಅಂತ ಮಗಳು ಸಣ್ಣತಾಯಿಯೂ ಜೊತೆಗೆ ಬಂದಿದ್ದಳು. ಎಲೆ ಹಾಕಿದ್ದಾಯಿತು, ಅನ್ನ ಬಿತ್ತು. ಹೊಂಬಾಳಮ್ಮ ಸೌಟಿನ ತುಂಬ ಸಾರು ಎತ್ತಿ ತಮ್ಮನ ಎಲೆಗೆ ಬಗ್ಗಿದಳು. ಆ ಹೊತ್ತಿಗೆ ಚಿಕ್ಕೀರ ತನ್ನ ಎಲೆಯ ಸಾರು ನೆಕ್ಕಿ ನೋಡಿದ. ಉಪ್ಪೇ ಇಲ್ಲ! ಸದ್ದಿಲ್ಲದೆ ಎದ್ದ, ಸದ್ದಿಲ್ಲದೆ ಬಂದ. ಕಚಕ್!

"ಅಯ್ಯಯ್ಯಪ್ಪೋ!"

ಸೌಟು ಮೇಲಕ್ಕೆ ಹಾರಿತು. ಸಾರು ಸಿಂಗ್ರಪ್ಪನ ರುಮಾಲಿಗೆ ಬಿತ್ತು. ಅಲ್ಲಿಂದ ಮೀಸೆಗೆ ಇಳಿಯಿತು.

"ಕಚ್ಚಿದೀನವ್ವ! ಸಾರಿಗೆ ಉಪ್ಪಿಲ್ಲ!"

ಅವಳು ಒಂದು ಕೈಯಲ್ಲಿ ತನ್ನ ಕಿವಿ, ಇನ್ನೊಂದರಲ್ಲಿ ಮಗನ ಕಿವಿ ಹಿಡಿದು ಒಳಗೆ ಎಳೆದುಕೊಂಡು ಹೋದಳು. "ದಮ್ಮಯ್ಯ ಕಣೋ! ನೆಂಟರು ಹೋಗೋ ತನಕ ಬಾಯಿಗೆ ಬೀಗ ಹಾಕ್ಕೊಂಡು ಕೂತಿರು!"

"ಆಗ್ಲವ್ವ!"

ಪೆಟ್ಟಿಗೆಯ ಬೀಗ ಬಿಚ್ಚಿ ಬಾಯಿಗೆ ತುರುಕಿಕೊಂಡು ಬಂದು ಕೂತ. ಸಿಂಗ್ರಪ್ಪ ಮೀಸೆ ಒರೆಸಿಕೊಂಡು, ಆದದ್ದಾಗಲಿ ಅಂತ ಕೇಳಿದ: "ಏನಪ್ಪಾ ಅಳಿಯ, ನನ್ನ ಮಗಳು ನಿಂಗೆ ಒಪ್ಪಿಗೇನಾ?"

"ಙೂ."

"ಏನಂದೆ?"

"ಙೂ ಙೂ ಙೂ!"

"ಸಾಕಕ್ಕ! ಈ ಸಂಬಂಧಕ್ಕೆ ಎಳ್ಳುನೀರು ಬಿಟ್ಟೆ!" ಅಂತ ಸಿಂಗ್ರಪ್ಪ ಗಾಡಿ ಕಡೆ ಹೊರಟೇಬಿಟ್ಟ. ಹೊಂಬಾಳಮ್ಮನಿಗೆ ಅಳು ಬಂತು. "ಲೋ, ಹೋಗಿ ಮಾವನ ಕಾಲು ಹಿಡಿಯೋ!"

ಚಿಕ್ಕೀರ ಬೀಗ ಉಗಿದು ಓಡಿದ. ಸಿಂಗ್ರಪ್ಪನ ಒಂದು ಕಾಲು ಗಾಡಿ ಮೇಲಿತ್ತು. ಇನ್ನೊಂದು ಚಿಕ್ಕೀರನಿಗೆ ಸಿಕ್ಕಿತು.

"ಬಿಡೋ!"

"ಅವ್ವ ಹಿಡಿ ಅಂದವ್ಳೆ!"

"ಬಿಡೋ ಪೆದ್ದಮುಂಡೇದೆ!"

"ಅವ್ವ ಬಿಡು ಅಂದಿಲ್ಲ!"

ಹೊಂಬಾಳಮ್ಮ ಬಿಡು ಅನ್ನಲಿಲ್ಲ. ಬಿಟ್ಟರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಸೊಸೆ ಹೋಗುತ್ತಾಳೆ! ಬಾಯಿಗೆ ಸೆರಗು ತುರುಕಿಕೊಂಡು ನಿಂತಳು.

ಆಗ ಸಣ್ಣತಾಯಿ ಮುಂದೆ ಬಂದಳು. "ಭಾವ, ನಾನು ಹೇಳಿದ್ರೆ ಬಿಡ್ತೀಯಾ?"

ಚಿಕ್ಕೀರ ತಲೆಯೆತ್ತಿ ನೋಡಿದ. "ಹೂಂ."

"ಬಿಡು."

ಬಿಟ್ಟ. ಸಿಂಗ್ರಪ್ಪ ದೊಪ್ಪನೆ ಬಿದ್ದ.

"ಒಂದು ಚೊಂಬು ನೀರು ತಾ."

ತಂದ.

"ಅಪ್ಪನ ಮೀಸೆ ತೊಳಿ."

ಹಸುಗೂಸಿನ ಮುಖ ತೊಳೆಯುವ ಹಾಗೆ ತೊಳೆದ. ಸಣ್ಣತಾಯಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಪ್ಪಾ, ನಮ್ಮೂರ ಗಂಡಸ್ರಿಗೆ ಹತ್ತು ಸಲ ಹೇಳಿದ್ರೂ ಒಂದು ಕೆಲಸ ಆಗಲ್ಲ. ಇವನಿಗೆ ಒಂದೇ ಸಲ ಸಾಕು. ನಂಗೆ ಇವನೇ ಇರ್ಲಿ" ಅಂದಳು.

ಹೊಂಬಾಳಮ್ಮ ಅತ್ತಳೋ ನಕ್ಕಳೋ, ಅವಳಿಗೇ ಗೊತ್ತಾಗಲಿಲ್ಲ.

ಚಿಕ್ಕೀರನ ಊರಲ್ಲೇ ಮದುವೆ ಆಯಿತು. ಹೆಣ್ಣು ಒಪ್ಪಿಸುವಾಗ ಸಿಂಗ್ರಪ್ಪ ಕಣ್ಣೀರು ಹಾಕಿದ. "ಒಬ್ಬಳೇ ಮಗಳು ಕಣಪ್ಪ. ತಲೆ ಮೇಲೆ ಕೂರಿಸ್ಕೊಂಡು ನೋಡ್ಕೋ!"

"ಆಗ್ಲಿ ಮಾವ!"

ಎತ್ತಿದ, ತಲೆ ಮೇಲೆ ಕೂರಿಸಿಕೊಂಡ, ನಡೆದ. ಓಲಗದವರು ನುಡಿಸುವುದು ಬಿಟ್ಟು ಹಿಂದೆ ಓಡಿದರು. "ಇಳಿಸು ಭಾವ!" ಅಂದಳು ಸಣ್ಣತಾಯಿ. "ನಿಮ್ಮಪ್ಪ ಅಳ್ತಾನೆ, ತಡಿ" ಅಂದ ಚಿಕ್ಕೀರ. ಬಾಗಿಲಲ್ಲಿ ಹೊಂಬಾಳಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಮಗನ ತಲೆ, ಅದರ ಮೇಲೆ ಸೊಸೆ, ಅದರ ಮುಂದೆ ಗಿಡ್ಡ ಬಾಗಿಲು! ನೋಡಿ ಕಿರುಚಿದಳು:

"ಲೋ, ತಲೆ ಬಗ್ಗಿಸೋ!"

"ಆಗ್ಲವ್ವ!" ಅಂದ, ಬಗ್ಗಿಸಿದ.

ಬಲಗಾಲಿಟ್ಟು ಒಳಗೆ ಬರಬೇಕಾದ ಸೊಸೆ, ಸೇರು ದಾಟಿ, ಆರತಿ ದಾಟಿ, ನೇರವಾಗಿ ಅತ್ತೆಯ ಮಡಿಲಿಗೇ ಬಂದು ಬಿದ್ದಳು.