ಎತ್ತಿನ ಕೂಲಿ, ನರಿಯ ಹಿಂಡಿ

ಗಾಣ ಸುತ್ತುವ ಎತ್ತು ಕೂಲಿ ಹೆಚ್ಚಿಸಿ ಎಂದಾಗಲೆಲ್ಲ ಒಡೆಯ ನರಿರಾಯ ನಗುತ್ತಲೇ ಹೆಚ್ಚಿಸುತ್ತಿದ್ದ. ಮರುದಿನ ಹಿಂಡಿಯ ಬೆಲೆಯನ್ನು ಅದಕ್ಕಿಂತ ಮೇಲೇರಿಸುತ್ತಿದ್ದ. ಊರಿಗೆ ಇದ್ದದ್ದು ಅದೊಂದೇ ಗಾಣ. ಕೂಲಿ ಏರಿದಂತೆಲ್ಲ ಹಿಂಡಿ ಕೊಂಡು ತಿನ್ನುವ ಎತ್ತಿನ ಹೊಟ್ಟೆ ಬೆನ್ನಿಗಂಟಿತು.

“ನಿನ್ನ ಕೂಲಿ ಏರಿದರೆ ಬೆಲೆ ಏರದಿರುತ್ತದೆಯೇ? ನನ್ನ ಕೈಯಲ್ಲೇನಿದೆಯಪ್ಪಾ!” ಎನ್ನುತ್ತಿದ್ದ ನರಿರಾಯ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಎತ್ತು ಹೌದೆಂದು ತಲೆಯಾಡಿಸಿ, ತನ್ನ ದುರಾಸೆಯನ್ನು ತಾನೇ ಬೈದುಕೊಂಡು ಸುತ್ತುತ್ತಿತ್ತು.

ಅಷ್ಟರಲ್ಲಿ ಎದುರು ಬೀದಿಯಲ್ಲಿ ಆಡಕ್ಕ ಹೊಸ ಗಾಣ ಹೂಡಿದಳು. ಮರುದಿನವೇ ನರಿರಾಯನ ಹಿಂಡಿ ಅರ್ಧ ಬೆಲೆಗಿಳಿಯಿತು.

“ರಾಯರೇ, ನನ್ನ ಕೂಲಿ ಇದ್ದ ಹಾಗೇ ಇದೆ, ಬೆಲೆ ಹೇಗೆ ಇಳಿಯಿತು?” ಎಂದಿತು ಎತ್ತು. “ಎದುರುಗಡೆಯಿಂದ ಹಿಂಡಿಯ ಘಮ ಬೇರೆ ಬರುತ್ತಿದೆ!”

ನರಿರಾಯ ಎತ್ತಿನ ಮೂಗಿಗೂ ಒಂದು ಪಟ್ಟಿ ಹೊಲಿಸಲು ದರ್ಜಿಯ ಮನೆಗೆ ಓಡಿದ.